ಮಂಚವ್ವನ ಕೈಗುಣ

ವೈದ್ಯರಿಗೆ ಕೈಗುಣ ಇರುತ್ತದೆಂಬುದನ್ನು ನಮ್ಮ ಸೀಮೆಯಲ್ಲಿ ಅಲ್ಲಗಳೆದವರಿಲ್ಲ. ಆದರೆ ಮಂಚಕ್ಕೇ ಕೈಗುಣ ಬಂದುಬಿಟ್ಟರೆ?

ಗದಗದಾಚೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಬುಡದಲ್ಲಿದ್ದ ಸೋಂಕಿನ ಆಸ್ಪತ್ರೆಯಲ್ಲಿ ಅಂಥದೊಂದು ಮಂಚವಿತ್ತು. ಮೂಲೆಯ ಕೋಣೆಯದು. ಅದರ ಮೇಲೆ ಮಲಗಿದವರು ಎದ್ದು ನಡೆದೇ ಮನೆಗೆ ಹೋಗುತ್ತಾರೆಂಬ ಸುದ್ದಿ ಎಷ್ಟು ಹಬ್ಬಿತ್ತೆಂದರೆ, ಮೈ ಬೆಚ್ಚಗೂ ಆಗದವರು ಅದರ ಮೇಲೊಂದು ನಿದ್ದೆ ತೆಗೆಯಲು ಶಿಫಾರಸು ತರುತ್ತಿದ್ದರು. ಹೆಣ್ಣುಮಕ್ಕಳು ಅದಕ್ಕೆ ಮಂಚವ್ವ ಎಂದು ಹೆಸರಿಟ್ಟಿದ್ದರು. ಯಾರೋ ಅದರ ಕಾಲಿಗೆ ಅರಿಸಿನ ಬಳಿದಿದ್ದರು. ಲೋಕದ ಸಕಲ ಕೊಳೆಯನ್ನೂ ಸುಟ್ಟು ಬೂದಿ ಮಾಡುವ ಆಸ್ಪತ್ರೆಯ ಔಷಧದ ನೀರಿಗೂ ಆ ಅರಿಸಿನ ಬಿಟ್ಟಿರಲಿಲ್ಲ.

ಆ ಮಂಚದ ಮೇಲೆ ಬಂದು ಬಿದ್ದವನು ಪ್ರಚಾರದ ಗಾಡಿಯ ಕಳಕಪ್ಪ. ಆಟೋದ ನೆತ್ತಿಗೆ ಎರಡು ತಗಡಿನ ಸ್ಪೀಕರು ಕಟ್ಟಿಕೊಂಡು ಓಣಿ ಓಣಿ ಸುತ್ತಿ, ಸೀರೆಯ ರಿಯಾಯಿತಿ, ಕಂಪನಿ ನಾಟಕ, ನಳದ ನೀರು ಬರುವ ಹೊತ್ತು, ಸತ್ತವರ ಸುದ್ದಿ ಎಲ್ಲವನ್ನೂ ಸಾರುವುದು ಅವನ ಕಸುಬು. ಅವನು ಬೆಟಗೇರಿಯಲ್ಲಿ ಕೆಮ್ಮಿದರೆ ಹುಲಕೋಟಿಯಲ್ಲಿ ಎಮ್ಮೆ ಬೆದರಿ ಹಗ್ಗ ಹರಿದುಕೊಳ್ಳುತ್ತಿತ್ತು. ಸತ್ತವರ ಮನೆಯವರು ಅತ್ತು ಸುಸ್ತಾಗಿ ಚಹಾ ಕುಡಿಯುತ್ತ ಕೂತಾಗ ಇವನ ಗಾಡಿ ಬಾಗಿಲ ಮುಂದೆ ಹಾದರೆ, ಲೋಟ ಕೆಳಗಿಟ್ಟು ಮೊದಲಿನಿಂದ ಅಳುತ್ತಿದ್ದರು. ನಿದ್ದೆಯಲ್ಲೂ ಅವನ ಬಾಯಿ ಸುಮ್ಮನಿದ್ದದ್ದನ್ನು ಹೆಂಡತಿ ನೀಲವ್ವ ಕಂಡಿರಲಿಲ್ಲ.

ಕಾಲಿಗೆ ಗಾಯವಾದದ್ದು ಆ ಸ್ಪೀಕರಿನಿಂದಲೇ. ಕಟ್ಟು ಸಡಿಲಾಗಿ ಜಾರಿಬಿದ್ದು, ತುಕ್ಕು ಹಿಡಿದ ಅಂಚು ಮೊಣಕಾಲ ಕೆಳಗೆ ಹೆರೆದಿತ್ತು. ಇಷ್ಟು ಸಣ್ಣ ಸಂಗತಿಯನ್ನು ಇದ್ದ ಹಾಗೆ ಹೇಳುವುದು ಕಳಕಪ್ಪನ ಜಾಯಮಾನವಲ್ಲ. ಚಹಾದ ಅಂಗಡಿಯಲ್ಲಿ ಅದು ಹೋರಿಯ ಕೊಂಬಾಯಿತು, ಕ್ಷೌರದ ಅಂಗಡಿಯಲ್ಲಿ ಚಿರತೆಯ ಉಗುರಾಯಿತು. ಸುಣ್ಣ ಬೆಲ್ಲ ಮೆತ್ತಿಕೊಂಡು ತಿರುಗಿದ. ಕಾಲು ಬಾಳೆಯ ದಿಂಡಾಗಿ, ದಿಂಡು ತೊಲೆಯಾಗಿ, ನಂಜು ರಕ್ತಕ್ಕಿಳಿದ ಮೇಲೆ ಆಸ್ಪತ್ರೆಗೆ ಹೊತ್ತು ತಂದರು. ಏನು ತಾಗಿತ್ತು ಎಂದು ಡಾಕ್ಟರು ಕೇಳಿದರು.

"ಚಿರತಿ," ಎಂದ ಕಳಕಪ್ಪ, ಹಲ್ಲು ಕಟಕಟ ಎನ್ನುತ್ತಿದ್ದರೂ.

ಡಾಕ್ಟರು ಪ್ರಾಣಿ ಕಡಿತದ ಸೂಜಿ ತರಲು ಹೇಳಿದರು. ನೀಲವ್ವ ಹಣೆ ಹಣೆ ಬಡಿದುಕೊಂಡಳು. "ಚಿರತಿ ಅಲ್ರಿ ಸಾಹೇಬ್ರ, ಸ್ಪೀಕರು. ಇವತ್ತಾದ್ರೂ ಖರೇ ಹೇಳ್ತಾರೇನು ಅಂತ ನಾನೂ ಸುಮ್ನ ನಿಂತು ನೋಡಾಕತ್ತಿದ್ದೆ."

ಹಳೆಯ ಔಷಧಗಳೆಲ್ಲ ಸೋತು ಮಲಗಿದ್ದ ಕಾಲ ಅದು. ಹಿಂದೆ ಊರಿಗೆ ಊರನ್ನೇ ಉಳಿಸಿದ್ದ ಗುಳಿಗೆಗಳನ್ನು ರೋಗಾಣುಗಳು ಪಾನಕದಂತೆ ಕುಡಿದು ತೇಗುತ್ತಿದ್ದವು. ಉಳಿದಿದ್ದ ದಾರಿ ಒಂದೇ: ರೋಗಿಯ ನಂಜಿನ ಒಂದು ಹನಿ ತೆಗೆದುಕೊಂಡು, ಆ ರೋಗಾಣುವನ್ನೇ ತಿಂದು ಬದುಕುವ ಇನ್ನೂ ಸಣ್ಣದೊಂದು ಜೀವಿಯನ್ನು ಪ್ರಯೋಗಾಲಯದಲ್ಲಿ ಹುಡುಕಿ ಸಾಕಿ, ಬೆಳೆಸಿ, ಮತ್ತೆ ಅವನ ರಕ್ತಕ್ಕೆ ಬಿಡುವುದು. ಹಾಗೆ ಬೆಳೆಸಲು ದಿನಗಳು ಹಿಡಿಯುತ್ತಿದ್ದವು. ಅಲ್ಲಿಯವರೆಗೆ ರೋಗಿಯ ಮೈ ತನ್ನ ಬಲದಲ್ಲೇ ತಡೆದುಕೊಳ್ಳಬೇಕು. ಹೊರಳಾಡಿ, ಹೆದರಿ, ನರಳಿ ಆ ಬಲವನ್ನು ಸುರಿದುಕೊಳ್ಳಬಾರದು. ಅದಕ್ಕಾಗಿಯೇ ಈ ಆಸ್ಪತ್ರೆಯ ಮಂಚಗಳನ್ನು ಮಾಡಿದ್ದರು.

ಅವುಗಳ ಹಾಸಿಗೆಯೊಳಗೆ ಬೆರಳ ಗಾತ್ರದ ಗಾಳಿಚೀಲಗಳು ಸಾವಿರಗಟ್ಟಲೆ ಇದ್ದವು. ಅವು ಉಬ್ಬುತ್ತಿದ್ದವು, ತಗ್ಗುತ್ತಿದ್ದವು, ಬಿಸಿಯಾಗುತ್ತಿದ್ದವು, ತಂಪಾಗುತ್ತಿದ್ದವು. ಮೇಲೆ ಮಲಗಿದವನ ನಾಡಿ, ಉಸಿರು, ನಡುಕವೆಲ್ಲ ಅವಕ್ಕೆ ತಿಳಿಯುತ್ತಿತ್ತು. ಮಂಚಕ್ಕೆ ಕಲಿಸಿದ್ದು ಒಂದೇ ಪಾಠ: ಏನು ಮಾಡಿದರೆ ಈ ಮೈ ಶಾಂತವಾಗುತ್ತದೋ ಅದನ್ನು ನೆನಪಿಟ್ಟುಕೋ, ಮತ್ತೆ ಮಾಡು. ಒಬ್ಬನಿಗೆ ಬೆನ್ನು ಒತ್ತಿದರೆ ನಿದ್ದೆ, ಇನ್ನೊಬ್ಬನಿಗೆ ಪಾದ ಬೆಚ್ಚಗಾದರೆ. ರೋಗಿ ಹೋದ ಮೇಲೆ ಚಾದರ ತೊಳೆದಂತೆ ಮಂಚದ ನೆನಪನ್ನೂ ತೊಳೆಯಬೇಕೆಂಬುದು ನಿಯಮ.

ಮೂಲೆಯ ಕೋಣೆಯ ಮಂಚದ ಚಾದರವನ್ನು ಮಾತ್ರ ತೊಳೆಯುತ್ತಿದ್ದರು.

ಆ ವಾರ್ಡಿನ ಹಿರಿಯ ನರ್ಸು ಸಿಸ್ಟರ್ ಮಾರ್ತಾ ಅದನ್ನು ಮುಚ್ಚಿಡಲೂ ಇಲ್ಲ. ತಲೆಯಿಂದ ಕಾಲಿನವರೆಗೆ ಬಿಳಿಯ ರಕ್ಷಾಕವಚ ತೊಟ್ಟು, ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದುಕೊಂಡು, ಕಳಕಪ್ಪನಿಗೆ ಗಂಜಿ ತಿನ್ನಿಸುತ್ತ ಹೇಳಿದಳು. "ತೊಳದ್ರ ಕೈಗುಣ ಹೋಗ್ತದ್ರಿ ಅಣ್ಣಾರ. ಇದರ ಮ್ಯಾಲ ಮಲಗಿದವ್ರೆಲ್ಲ ಎದ್ದು ಹೋಗ್ಯಾರ. ಹೋದವ್ರು ಕಲಿಸಿದ್ದನ್ನ ಬಂದವ್ರಿಗೆ ಕೊಡ್ತದ. ನೀವು ಪುಣ್ಯಾ ಮಾಡೀರಿ, ಈ ಕೋಣಿ ಸಿಕ್ಕೇತಿ."

"ಪುಣ್ಯ ನಂದಲ್ರಿ ಅಕ್ಕಾರ, ಮಂಚದ್ದು," ಎಂದ ಕಳಕಪ್ಪ. "ನನ್ನಂಥಾವನ್ನ ಹೊರೂ ಯೋಗ ಎಷ್ಟು ಮಂಚಕ್ಕ ಬರ್ತೈತಿ?"

ಆ ಆಸ್ಪತ್ರೆಯ ಆರೈಕೆ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಮಾರ್ತಾ ಗಂಜಿಯನ್ನು ಊದಿ ಆರಿಸುವಂತಿರಲಿಲ್ಲ, ಕವಚ ಅಡ್ಡ ಬರುತ್ತಿತ್ತು. ಆದರೂ ಅಭ್ಯಾಸಬಲದಿಂದ ಪ್ರತಿ ಚಮಚಕ್ಕೂ ಒಳಗೊಳಗೇ ಊದುತ್ತಿದ್ದಳು. ಡಾಕ್ಟರು ಬರುತ್ತಿದ್ದರು, ಗೋಡೆಯ ಪರದೆಯ ಮೇಲಿನ ಅಂಕಿಗಳನ್ನು ಮಾತಾಡಿಸಿಕೊಂಡು ಹೋಗುತ್ತಿದ್ದರು. ಮಂಚದ ಮೇಲೊಬ್ಬ ಮನುಷ್ಯ ಇದ್ದಾನೆಂಬುದು ಅವರಿಗೆ ತಿಳಿಯುವಷ್ಟರಲ್ಲಿ ಆ ಮನುಷ್ಯನಿಗೆ ಗಡ್ಡ ಮೊಳಕೈಯುದ್ದ ಬೆಳೆದಿರುತ್ತಿತ್ತು. ಬಹಿರ್ದೆಸೆಯ ಪಾತ್ರೆಗೆ ಕರೆದರೆ ಬರುವ ಹೊತ್ತಿಗೆ ಅದರ ಅಗತ್ಯ ತೀರಿರುತ್ತಿತ್ತು. ಇಡೀ ಜಿಲ್ಲೆಗೆ ಸುದ್ದಿ ಸಾರಿದವನು ತನ್ನ ಮೈಯ ಆ ಸುದ್ದಿಯನ್ನು ಯಾರಿಗೂ ಹೇಳಲಾಗದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಹಾಗೆ ಮಲಗಿದಾಗಲೇ ಮಂಚ ಮೊದಲ ಸಲ ಅವನನ್ನು ತಟ್ಟಿದ್ದು.

ಎರಡು ಮೆಲ್ಲಗೆ. ಒಂದು ಬಿಡುವು. ಆಮೇಲೆ ಭುಜದಿಂದ ಬೆನ್ನಿನವರೆಗೆ ಒಂದು ಉದ್ದನೆಯ ಸವರು. ಮತ್ತೆ ಎರಡು ಮೆಲ್ಲಗೆ. ಕಳಕಪ್ಪನ ಮೈಯಲ್ಲಿ ಕುದಿಯುತ್ತಿದ್ದ ಜ್ವರ ಆಗ ಎಷ್ಟಿತ್ತೆಂದರೆ ಎದೆಯ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಆದರೂ ಅವನ ಕಣ್ಣೆವೆಗಳು ತಾವೇ ಕೂಡಿಕೊಂಡವು. ಎಚ್ಚರವಾದಾಗ ಇನ್ನೊಂದು ವಿಚಿತ್ರ ಕಂಡಿತು. ಅವನ ಬಲತೋಳಿನ ಒಳಬದಿಗೆ, ಎದೆಗೆ ತಾಗುವಂತೆ, ಹಾಸಿಗೆ ಸಣ್ಣಗೆ ತಗ್ಗಿತ್ತು. ಮೊರದ ಗಾತ್ರದ ಒಂದು ಗುಳಿ. ಅದರ ಅಂಚು ಎತ್ತರಕ್ಕೆ ಉಬ್ಬಿ, ಒಳಗೆ ಇಟ್ಟದ್ದು ಉರುಳದಂತೆ ಕಟ್ಟೆ ಕಟ್ಟಿತ್ತು. ಗುಳಿಯೊಳಗೆ ಕೈ ಇಟ್ಟರೆ ಬೆಚ್ಚಗಿತ್ತು, ಈಗಷ್ಟೇ ಯಾರನ್ನೋ ಎತ್ತಿಕೊಂಡು ಹೋದಂತೆ.

ಕೋಣೆಯ ಒಂದು ಗೋಡೆ ಪೂರ್ತಿ ಗಾಜಿನದು. ಅದರಾಚೆ ನಿಯಂತ್ರಣ ಕೊಠಡಿ. ಎಲ್ಲ ಮಂಚಗಳ ಮೇಲೆ ಕಣ್ಣಿಡುವ ತಂತ್ರಜ್ಞ ಇಸ್ಮಾಯಿಲ್ ಅಲ್ಲಿ ಕೂತಿರುತ್ತಿದ್ದ. ರೋಗಿಯನ್ನು ನೋಡಲು ಬಂದವರೂ ಅಲ್ಲೇ ನಿಂತು, ಅವನ ಮೇಜಿನ ಮೇಲಿನ ಮೈಕಿನಲ್ಲಿ ಮಾತಾಡಬೇಕು. ನೀಲವ್ವ ದಿನಾ ಬಂದು ಮನೆಯ ವರದಿ ಒಪ್ಪಿಸುತ್ತಿದ್ದಳು. ಮಗ್ಗುಲ ಮನೆಯವರು ಇವನಿಲ್ಲದೆ ಓಣಿ ಎಷ್ಟು ತಂಪಾಗಿದೆ ಎಂದರಂತೆ. ಆಟೋದೊಳಗೆ ಬೆಕ್ಕು ಮರಿ ಹಾಕಿದೆಯಂತೆ.

"ಅಲ್ರೀ, ಆ ತೋಳು ಯಾಕ ಹಂಗ ಮಡಚಿಕೊಂಡೀರಿ?" ಎಂದಳು ಒಂದು ದಿನ. "ಯಾರ್ನೋ ಮಗ್ಗಲಾಗ ಹಾಕ್ಕೊಂಡಂಗ."

"ಈ ಸೀಮಿ ಅಪ್ಸರೇರು ಪಾಳಿ ಹಚ್ಚ್ಯಾರ. ಜಾಗಾ ಹಿಡದಿಟ್ಟೇನಿ."

"ಅವ್ರಿಗರೆ ಗಂಜಿ ಕುಡಿಸಾಕ ಹೇಳ್ರಿ ಹಂಗಾರ. ಒಣಗಿದ ಕಡ್ಡಿ ಆಗೀರಿ."

ಇಸ್ಮಾಯಿಲ್ ನಗಲಿಲ್ಲ. ಗಾಜಿನ ಹತ್ತಿರ ಬಂದು ಆ ಗುಳಿಯನ್ನು ನೋಡಿದ. ನೋಡಿ, ತನ್ನ ಕುರ್ಚಿಗೆ ಹೋಗಿ ಕೂತ.

ಕಳಕಪ್ಪ ಆ ಗುಳಿಯನ್ನು ಮುಚ್ಚಲು ನೋಡಿದ. ಅದರ ಮೇಲೆ ಮೊಳಕೈ ಊರಿದ, ದಿಂಬು ತುರುಕಿದ. ಮಂಚ ದಿಂಬನ್ನು ಮೆಲ್ಲಗೆ ಹೊರಗೆ ಸರಿಸಿ, ಮತ್ತೆ ಗುಳಿ ತೋಡಿ, ಮತ್ತೆ ಬೆಚ್ಚಗೆ ಮಾಡಿತು. ಜ್ವರ ಏರಿದಾಗ ಅವನಿಗೆ ಅಲ್ಲಿ ಸಣ್ಣ ತೂಕವೊಂದು ಇದ್ದಂತೆ ತೋರುತ್ತಿತ್ತು. ತೂಕ ಉಸಿರಾಡುತ್ತಿತ್ತು. ಹುಳಿ ಹಾಲಿನ ವಾಸನೆ ಬರುತ್ತಿತ್ತು. ಅವನಿಗೂ ನೀಲವ್ವನಿಗೂ ಮಕ್ಕಳಿರಲಿಲ್ಲ. ಕೂಸಿನ ತೂಕ ಎಷ್ಟಿರುತ್ತದೆಂದು ಅವನ ತೋಳಿಗೆ ಗೊತ್ತಿರುವ ಸಂಭವವೇ ಇರಲಿಲ್ಲ.

"ಅಕ್ಕಾರ," ಎಂದು ಕೇಳಿದ ಮಾರ್ತಾಳನ್ನು, "ಈ ಮಂಚದ ಮ್ಯಾಲ ಕೂಸು ಹಾಕ್ಕೊಂಡು ಮಲಗಿದವ್ರು ಯಾರು?"

ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು. "ಜ್ವರದಾಗ ಏನೇನೋ ಅನಸ್ತದ. ಮಲಗ್ರಿ."

"ಅವ್ರೂ ಎದ್ದು ಹೋದ್ರೇನು?"

"ಬಾಯಿ ತಗೀರಿ," ಎಂದಳು ಮಾರ್ತಾ. "ಗಂಜಿ ಆರತೈತಿ."

ಔಷಧದ ಜೀವಿ ಬೆಳೆದು ಬರಲು ಇನ್ನೊಂದೇ ದಿನ ಬಾಕಿ ಎಂದಿದ್ದರು. ಆ ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ನಂಜು ಕಳಕಪ್ಪನ ಹೃದಯವನ್ನೇ ಹಿಂಡತೊಡಗಿತು. ಹಿಂಡಿದ್ದು ಅವನಿಗೆ ತಿಳಿಯಲಿಲ್ಲ. ತಿಳಿದದ್ದು ತಂಪು. ಅಷ್ಟು ದಿನ ಕಾದ ಹಂಚಾಗಿದ್ದ ಮೈ ತಣ್ಣಗಾಗುತ್ತ ಬಂತು. ಬೆರಳುಗಳು ದೂರ ಸರಿದವು. ಮಂಚ ಅವನ ಶಾಂತಿಯನ್ನು ಮೆಚ್ಚಿಕೊಂಡಿತು. ಎರಡು ಮೆಲ್ಲಗೆ, ಬಿಡುವು, ಒಂದು ಸವರು. ಪರದೆಯ ಮೇಲೆ ಹಸಿರು ದೀಪ ಹತ್ತಿತು. ರೋಗಿ ಸುಖನಿದ್ರೆಯಲ್ಲಿದ್ದಾನೆ, ಎಬ್ಬಿಸಬೇಡಿ ಎಂದು ಅದರ ಅರ್ಥ. ನಿದ್ದೆಯೆಂದು ಮಂಚಕ್ಕೆ ಅನ್ನಿಸಿದಾಗ ಗಂಟೆ ಬಾರಿಸದಿರುವ ಅಧಿಕಾರ ಮಂಚಕ್ಕಿತ್ತು.

ಗುಳಿ ಇನ್ನಷ್ಟು ಆಳವಾಯಿತು. ತೂಕ ಬಂದು ಅದರಲ್ಲಿ ಮಲಗಿತು. ಕಳಕಪ್ಪನ ತೋಳು ಅದರ ಸುತ್ತ ಮಡಚಿಕೊಂಡಿತು. ಹುಟ್ಟಿದಂದಿನಿಂದ ಒಂದು ಗಳಿಗೆಯೂ ಮುಚ್ಚದ ಆ ಬಾಯಿ ಮುಚ್ಚಿತು. ಅವನೊಳಗೆ ಇಷ್ಟು ನಿಶ್ಶಬ್ದ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ; ಗುಡ್ಡದ ಗಾಳಿಯಂತ್ರಗಳೆಲ್ಲ ಒಟ್ಟಿಗೆ ನಿಂತಷ್ಟು ನಿಶ್ಶಬ್ದ. ಸತ್ತರೆ ಹೀಗೆಯೇ ಎಂದು ತಿಳಿಯಿತು. ತಿಳಿದರೂ ಬೇಸರವಾಗಲಿಲ್ಲ. ಒಂದೇ ಒಂದು ಯೋಚನೆ ಉಳಿದಿತ್ತು: ಈ ಸುದ್ದಿಯನ್ನು ಊರಿಗೆ ಸಾರುವವರು ಯಾರು?

ಯಾರಿದ್ದಾರೆ? ಈಗಿನವರು ಫೋನಿನಲ್ಲಿ ಅಕ್ಷರ ಒತ್ತಿದರೆ ಯಂತ್ರವೇ ಕೂಗುತ್ತದೆ. ಆ ಯಂತ್ರದ ದನಿ 'ನಿಧನರಾದರು' ಎಂಬುದನ್ನು ಬಸ್ಸು ಹೊರಡುವ ಸುದ್ದಿಯಂತೆ ಹೇಳುತ್ತದೆ. ಕಳಕಪ್ಪನೆಂಬ ಹೆಸರನ್ನು ಅದು ಸೊಪ್ಪು ಮಾರುವವರ ಹಾಗೆ ಎಳೆದು ಕೂಗುತ್ತ ಓಣಿಗಳಲ್ಲಿ ಹೋಗುವುದು ಅವನ ಕಿವಿಗೆ ಕೇಳಿಸಿತು. ಸಾಯುವುದನ್ನು ಸಹಿಸಬಹುದು. ಇದನ್ನು ಸಹಿಸುವುದಾಗಲಿಲ್ಲ. ತನ್ನ ಸಾವಿಗೆ ತಕ್ಕ ದನಿ ಜಿಲ್ಲೆಯಲ್ಲಿ ಇದ್ದದ್ದೇ ಒಂದು, ಅದು ಈ ಗಂಟಲಲ್ಲಿತ್ತು.

"ಮಾನ್ಯ ನಾಗರಿಕರಲ್ಲಿ..." ಎಂದ.

ಸೊಳ್ಳೆಯ ದನಿ ಬಂತು. ಮಂಚ ಬೆಚ್ಚಿ, ಅವನ ಬೆನ್ನು ಸವರಿತು.

"ಮಾನ್ಯ ನಾಗರಿಕರಲ್ಲಿ ವಿನಂತಿ..."

ಮಂಚ ಗಟ್ಟಿಯಾಗಿ ತಟ್ಟತೊಡಗಿತು. ಅವನು ಒಂದು ಪದ ಎತ್ತಿದರೆ ಅದು ಎರಡು ಏಟಿನಲ್ಲಿ ಇಳಿಸುತ್ತಿತ್ತು. ಕುಸ್ತಿಯ ಕಣದಲ್ಲಿ ಪೈಲವಾನರು ಬೆಳಗಿನಿಂದ ಸಂಜೆಯವರೆಗೆ ಹೋರಾಡಿದ್ದನ್ನು ಜನ ಹೇಳುತ್ತಾರೆ. ಇವನೂ ಮಂಚವೂ ಹೋರಾಡಿದ್ದರ ಮುಂದೆ ಅದು ಮಕ್ಕಳ ಆಟ. ಅದು ಪ್ರೀತಿಯಿಂದ ಎಳೆಯುತ್ತಿತ್ತು, ಅದೇ ಕಷ್ಟ. ತೋಳಲ್ಲಿದ್ದ ತೂಕ ಇನ್ನೂ ಹತ್ತಿರ ಸರಿದು ಎದೆಗೆ ಮುಖ ಒತ್ತಿತು. ಕಳಕಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು, ಉಳಿದಿದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿದ.

"ಪ್ರಚಾರದ ಗಾಡಿಯ ಕಳಕಪ್ಪನವರು ಇಂದು ಮಧ್ಯಾಹ್ನ... ಇನ್ನೂ ಸತ್ತಿರುವುದಿಲ್ಲ. ಎಲ್ಲರೂ ದಯಮಾಡಿ... ದೌಡಾಯಿಸಿ ಬರಬೇಕಾಗಿ..."

ನಿಯಂತ್ರಣ ಕೊಠಡಿಯಲ್ಲಿ ಇಸ್ಮಾಯಿಲ್ ರೊಟ್ಟಿ ಮುರಿಯುತ್ತಿದ್ದ. ಪಕ್ಕದಲ್ಲಿ ನೀಲವ್ವ ಗಂಡ ಕಡೆಗೂ ಸುಮ್ಮನೆ ಮಲಗಿದ್ದನ್ನು ಅನುಮಾನದಿಂದ ನೋಡುತ್ತ ನಿಂತಿದ್ದಳು. ಸ್ಪೀಕರಿನಲ್ಲಿ ಆ ದನಿ ಬಂದಾಗ ಇಸ್ಮಾಯಿಲ್ ಹಸಿರು ದೀಪ ನೋಡಿದ. ಆಮೇಲೆ ದೀಪದ ಕೆಳಗಿನ ಅಂಕಿಗಳನ್ನು ನೋಡಿದ. ತಟ್ಟೆ ನೆಲಕ್ಕೆ ಬಿತ್ತು.

ಮಾರ್ತಾ ಮತ್ತು ಡಾಕ್ಟರು ಒಳಗೆ ನುಗ್ಗಿ ಅವನನ್ನು ಮಂಚದಿಂದ ಸ್ಟ್ರೆಚರಿಗೆ ಎತ್ತಿದರು. ತೋಳು ಬಿಡಿಸಲು ಮಾರ್ತಾಳಿಗೆ ಎರಡೂ ಕೈ ಬೇಕಾಯಿತು. ಎತ್ತಿದೊಡನೆ ಕಳಕಪ್ಪ ಕೂಗಿದ. ಆ ಸಲ ಅವನ ಹಳೆಯ ದನಿಯೇ ಬಂದಿತ್ತು, ಗಾಜು ಝಣಗುಟ್ಟಿತು. "ಕೂಸು ಬಿತ್ತು. ಅಕ್ಕಾರ, ಕೂಸು ಹಿಡೀರಿ."

ಮಾರ್ತಾ ನಿಂತಲ್ಲೇ ನಿಂತಳು. ಖಾಲಿ ಹಾಸಿಗೆಯ ಮೇಲೆ ಗುಳಿ ಇನ್ನೂ ಇತ್ತು. ಮಂಚ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತಿತ್ತು.

ಮರುದಿನ ಔಷಧ ಬಂತು. ರಕ್ತದೊಳಗೆ ಇಳಿದು ತನ್ನ ಆಹಾರವನ್ನು ಹುಡುಕಿಕೊಂಡು ಹೋಯಿತು. ಕಾಲು ಉಳಿಯಿತು, ಅದರ ಎರಡು ಬೆರಳು ಹೋದವು. ಬೇರೆ ಕೋಣೆಯ, ಏನೂ ಅರಿಯದ ಹೊಸ ಮಂಚದ ಮೇಲೆ ಅವನು ಚೇತರಿಸಿಕೊಳ್ಳುತ್ತಿದ್ದಾಗ ಇಸ್ಮಾಯಿಲ್ ಬಂದು ಹತ್ತಿರ ಕೂತ. ಮಾರ್ತಾ ಬಾಗಿಲಲ್ಲಿ ನಿಂತಳು.

"ಮೊದಲು ಮಲಗಿದಾಕಿ ಸಾವಂತ್ರಿ ಅಂತ, ಮುಳಗುಂದದಾಕಿ," ಎಂದ ಇಸ್ಮಾಯಿಲ್. "ಬಾಣಂತಿ. ನಂಜು ತಾಯಿಗೂ ಇತ್ತು, ಕೂಸಿಗೂ ಇತ್ತು. ಅದಕ್ಕ ಇಬ್ಬರ್ನೂ ಒಂದ ಮಂಚದ ಮ್ಯಾಲ ಬಿಟ್ಟಿದ್ರು. ಅಕಿ ಕೂಸಿಗೆ ತಟ್ಟುವಾಗ ಅಕಿ ನಾಡಿನೂ ಶಾಂತ ಆಗ್ತಿತ್ತು. ಮಂಚ ಅಕಿ ಕೈ ನೋಡಿ ತಟ್ಟೂದು ಕಲೀತು."

"ಅಕಿ ಉಳೀಲಿಲ್ಲ?"

"ಕೂಸು ಉಳೀತು. ಅಕಿ ಹಂಗ ತಟ್ಟುತ್ತ ತಟ್ಟುತ್ತ ಹೋದ್ಲು. ಹೋದ ಮ್ಯಾಲೂ ಅಕಿನ್ನ ಮಂಚದಿಂದ ಎತ್ತೂದು ತಡಾ ಆತು. ನಾಡಿ ನಿಂತ್ರ ಅದು ಸಾವು ಅಂತ ಮಂಚಕ್ಕ ಯಾರೂ ಕಲಿಸಿದ್ದಿಲ್ಲ. ಅಷ್ಟು ಶಾಂತಿ ಅದು ಯಾರ ಮೈಯಾಗೂ ಕಂಡಿದ್ದಿಲ್ಲ. ಅದಕ್ಕಿಂತ ಚಲೋ ಯಾವದೂ ಇಲ್ಲ ಅಂತ ಬರಕೊಂಡ್ಬಿಡ್ತು. ಮುಂದ ಬಂದವ್ರಿಗೆ ಜ್ವರಾ ಲಗೂನ ಇಳೀತು, ಸಾವಿನಂಥಾ ಆ ಶಾಂತಿತನಾ ಅವ್ರು ಮುಟ್ಟಲಿಲ್ಲ. ನೀವು ಮುಟ್ಟಿದ್ರಿ."

"ಎಲ್ಲಾರೂ ಎದ್ದು ಹೋಗ್ಯಾರ ಅಂತ ನಾ ಎಣಸಾಕ ಶುರು ಮಾಡಿದ್ದು ಎರಡನೇದವ್ರಿಂದ," ಎಂದಳು ಮಾರ್ತಾ. ಕವಚದೊಳಗೆ ಅವಳ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ದಾರಿಯಿರಲಿಲ್ಲ. "ಅಕಿನ್ನ ಎಣಸೂ ಧೈರ್ಯ ನನಗ ಆಗ್ಲಿಲ್ಲ."

 

ಆ ದಿನವೇ ಇಸ್ಮಾಯಿಲ್ ಮಂಚದ ನೆನಪು ತೊಳೆದ. ಕಳಕಪ್ಪನನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ ಗಾಜಿನ ಈಚೆ ತಂದು ನಿಲ್ಲಿಸಿದರು, ಅವನೇ ಹಟ ಹಿಡಿದಿದ್ದ. ಗುಂಡಿ ಒತ್ತಿದಾಗ ಹಾಸಿಗೆಯ ಸಾವಿರಾರು ಚೀಲಗಳು ಒಮ್ಮೆಗೇ ಉಬ್ಬಿದವು, ದೀರ್ಘವಾಗಿ ಉಸಿರೆಳೆದಂತೆ. ಆಮೇಲೆ ಮಟ್ಟಸವಾಗಿ ತಗ್ಗಿದವು. ಹಾಸಿಗೆ ನುಣುಪಾಯಿತು. ಮಾರ್ತಾ ಬಟ್ಟೆ ತೋಯಿಸಿ ಅದರ ಕಾಲಿನ ಅರಿಸಿನ ಉಜ್ಜತೊಡಗಿದಳು.

"ಮುಗೀತಾ ಭಾಯ್?" ಎಂದ ಕಳಕಪ್ಪ.

"ಮಂಚದ್ದು ಮುಗೀತು," ಎಂದ ಇಸ್ಮಾಯಿಲ್, ಕಳಕಪ್ಪನ ತೊಡೆಯ ಕಡೆ ನೋಡುತ್ತ. "ನಿಮ್ಮದು ತೊಳ್ಯಾಕ ನನ್ನ ಹತ್ರ ಗುಂಡಿ ಇಲ್ಲ."

ಕಳಕಪ್ಪ ತಗ್ಗಿ ನೋಡಿದ. ಅವನ ಬಲಗೈ ತೊಡೆಯ ಮೇಲೆ ತಟ್ಟುತ್ತಿತ್ತು. ಎರಡು ಮೆಲ್ಲಗೆ, ಒಂದು ಬಿಡುವು, ಒಂದು ಸವರು.

ಮನೆಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಊಟಕ್ಕೆ ಕೂತರೆ ಎಡಗೈಯಲ್ಲಿ ತುತ್ತು ಎತ್ತಬೇಕಾಗುತ್ತಿತ್ತು. ಮೈಕು ಹಿಡಿದರೆ ಮೈಕನ್ನೇ ತಟ್ಟುತ್ತಿತ್ತು. ಸೀರೆಯ ರಿಯಾಯಿತಿ ಕೇಳಲು ಬಂದ ಹೆಣ್ಣುಮಕ್ಕಳು ನಿಂತಲ್ಲೇ ಆಕಳಿಸಿ ಮನೆಗೆ ಹೋಗಿ ಮಲಗುತ್ತಿದ್ದರು. ನೀಲವ್ವನ ಭುಜಕ್ಕೆ ಆ ಕೈ ಒಮ್ಮೆ ತಾಗಿತು. ಅವಳು ದೂರ ಸರಿದು ಎದ್ದು ಕೂತಳು.

"ಇದು ನಿಮ್ಮ ಕೈ ಅಲ್ರಿ," ಎಂದಳು. "ಯಾರದೈತಿ ಅವ್ರಿಗೆ ಕೊಟ್ಟು ಬರ್ರಿ."

ಮಾರ್ತಾ ವಿಳಾಸ ಹೇಳಿದಳು. ಕಳಕಪ್ಪ ಕುಂಟುತ್ತ ಮುಳಗುಂದದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಭಾಷಣ ಕಟ್ಟಿದ. ಕಲ್ಲು ಕರಗಬೇಕು, ಕೆರೆ ಉಕ್ಕಬೇಕು, ಅಂಥ ಭಾಷಣ. ಬಾಗಿಲು ತೆರೆದ ಮುದುಕಿಯನ್ನು ಕಂಡದ್ದೇ ಅದರ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಸಾವಂತ್ರಿಯ ತಾಯಿ ಗುರುಸಿದ್ದವ್ವ. ಸೊಂಟದ ಮೇಲೆ ವರ್ಷದ ಹೆಣ್ಣು ಕೂಸು, ಹಲ್ಲು ಬರುವ ಹಟದಲ್ಲಿ ಕಿರಿಕಿರಿ ಅಳುತ್ತಿತ್ತು.

ಕಳಕಪ್ಪ ನಡೆದದ್ದನ್ನು ಇದ್ದ ಹಾಗೆ ಹೇಳಿದ. ಚಿರತೆ ಬರಲಿಲ್ಲ, ಹೋರಿ ಬರಲಿಲ್ಲ. ಗುರುಸಿದ್ದವ್ವ ಅವನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಕೌದಿ ಹಾಸಿ ಕೂಸನ್ನು ಮಲಗಿಸಿದಳು.

"ತಟ್ರಿ, ನೋಡೂಣು."

ಕಳಕಪ್ಪ ಕೆಳಗೆ ಕೂತ. ಕೈಯನ್ನು ಅದರ ಪಾಡಿಗೆ ಬಿಟ್ಟ. ಎರಡು ಮೆಲ್ಲಗೆ, ಬಿಡುವು, ಸವರು. ಕೂಸು ಅಳು ನಿಲ್ಲಿಸಿ ಅವನನ್ನು ದಿಟ್ಟಿಸಿತು. ಎಲ್ಲೋ ಕಂಡವರನ್ನು ಗುರುತಿಸಲು ನೋಡುವ ಹಾಗೆ ಹುಬ್ಬು ಗಂಟಿಕ್ಕಿತು. ಮೆಲ್ಲಗೆ ಕಣ್ಣು ಮುಚ್ಚಿತು. ಮುಷ್ಟಿ ಬಿಚ್ಚಿಕೊಂಡಿತು. ಗುರುಸಿದ್ದವ್ವನ ಕೈಯೂ ತನ್ನ ಮಡಿಲಲ್ಲಿ ಅದೇ ಲಯಕ್ಕೆ ಏಳುತ್ತ ಬೀಳುತ್ತ ಇತ್ತು.

ಕೂಸಿನ ನಿದ್ದೆ ಆಳಕ್ಕೆ ಇಳಿಯಿತು. ಇನ್ನೂ ಇಳಿಯಿತು.

ಗುರುಸಿದ್ದವ್ವ ಬಾಗಿ ಅದರ ಮೂಗಿನ ಕೆಳಗೆ ಬೆರಳಿಟ್ಟಳು. ಬಹಳ ಹೊತ್ತು ಹಾಗೇ ಇಟ್ಟಳು. ಉಸಿರು ಇತ್ತು. ಆದರೂ ಅವಳು ಕಳಕಪ್ಪನ ಕೈಯನ್ನು ಪಕ್ಕಕ್ಕೆ ಸರಿಸಿ, ಕೂಸಿನ ಅಂಗಾಲನ್ನು ಉಗುರು ನೆಡುವಂತೆ ಚಿವುಟಿದಳು. ಕೂಸು ಕಿಟಾರನೆ ಚೀರಿ ಎದ್ದಿತು. ಅದನ್ನು ಎತ್ತಿ ಎದೆಗವಚಿಕೊಂಡು, ಅಳು ಕೇಳುತ್ತ, ಅವಳು ಗೋಡೆಗೆ ಒರಗಿದಳು.

"ಕೈ ನನ್ನ ಮಗಳದ ಐತ್ರಿ," ಎಂದಳು. "ಅದಕ್ಕ ಹೇಳ್ತೇನಿ. ಇನ್ನೊಮ್ಮಿ ಬರಬ್ಯಾಡ್ರಿ."

ಕಳಕಪ್ಪ ಚಪ್ಪಲಿ ಮೆಟ್ಟಿಕೊಂಡ. ಕೂಸಿನ ಅಳು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಅದು ನಿಲ್ಲದಿರಲಿ ಎಂದುಕೊಳ್ಳುತ್ತ, ತಟ್ಟುತ್ತಲೇ ಇದ್ದ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಅವನು ಬಸ್ಸಿನ ಕಡೆ ನಡೆದ.